ನಾತಕ್ಕೆ ನೂರು ಹೆಸರು

ಹೂವಿನ ಕಂಪನ್ನು ಹಾಡಿ ಹೊಗಳಿದ ಕವಿಗಳಿಗೆ ಲೆಕ್ಕವಿಲ್ಲ. ಚರಂಡಿಯ ನಾತಕ್ಕೆ ಚರಿತ್ರೆ ಬರೆಯಲು ಹೊರಟವರು ಮಾತ್ರ ವಿರಳ. ಅದು ಸಹಜವೇ ಸರಿ. ಮೂಗು ಮುಚ್ಚಿಕೊಂಡು ದಾಟಿಹೋಗುವ ಸ್ಥಳದಲ್ಲಿ ನಿಂತು ಯೋಚಿಸುವ ವ್ಯವಧಾನ ಯಾರಿಗಿದೆ? ಆದರೂ ದುರ್ವಾಸನೆಯನ್ನು ಸೂಚಿಸುವ ಮಾತುಗಳಿಗೆ ಒಂದು ಚರಿತ್ರೆಯುಂಟು. ಆ ಮಾತುಗಳ ಬೆನ್ನು ಹತ್ತಿ ಹೋದರೆ ಊರು, ಅಡಿಗೆಮನೆ, ಆಸ್ಪತ್ರೆ, ಅರಮನೆಗಳನ್ನೆಲ್ಲ ಹಾದು ಕೊನೆಗೆ ಮನುಷ್ಯನ ಮನಸ್ಸಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಇಂಥ ಮಾತುಗಳ ಸೂಕ್ಷ್ಮ ತಿಳಿಯಬೇಕಾದರೆ ಒಂದು ಭಾಷೆಯವನು ಇನ್ನೊಂದು ಭಾಷೆಯನ್ನು ಕಲಿಯಲು ಹೊರಟಾಗ ಎಲ್ಲಿ ಎಡವುತ್ತಾನೆಂಬುದನ್ನು ನೋಡಬೇಕು. ಇಂಗ್ಲಿಷ್ ಕಲಿಯುವ ಚೀನೀ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳೋಣ. ೧೮೦೭ರಲ್ಲಿ ಕ್ಯಾಂಟನಿಗೆ ಬಂದಿಳಿದ ಪಾದ್ರಿ ರಾಬರ್ಟ್ ಮಾರಿಸನ್ ೧೮೧೫ರಿಂದ ೧೮೨೩ರವರೆಗೆ ಸಂಪುಟ ಸಂಪುಟವಾಗಿ ಹೊರತಂದ ಕೋಶದಿಂದ ಈ ಎರಡು ಭಾಷೆಗಳ ನಡುವೆ ದೊಡ್ಡ ಸೇತುವೆಯೊಂದು ಎದ್ದಿತು. ಅಫೀಮು ಯುದ್ಧಗಳಲ್ಲಿ ಸೋತು, ಪರಭಾಷೆ ಬಾರದೆ ಪರರಾಜ್ಯದೊಡನೆ ವ್ಯವಹರಿಸುವುದು ಅಸಾಧ್ಯವೆಂದು ಮನಗಂಡ ಚೀನದ ಸರ್ಕಾರ ೧೮೬೨ರಲ್ಲಿ ಪೀಕಿಂಗಿನಲ್ಲಿ ಟೋಂಗ್‌ವೆನ್ ಗ್ವಾನ್ ಎಂಬ ಭಾಷಾಶಾಲೆಯನ್ನು ತೆರೆಯಿತು. ೧೮೬೮ರಲ್ಲಿ ಕ್ವಾಂಗ್ ಚೀಜಾವೋ ಎಂಬ ಚೀನೀಯನೇ ಹಾಂಗ್‌ಕಾಂಗಿನಲ್ಲಿ ಒಂದು ಇಂಗ್ಲಿಷ್-ಚೀನೀ ಕೋಶವನ್ನು ಪ್ರಕಟಿಸಿದ. ಅಂದಿನಿಂದ ಇಂದಿನವರೆಗೆ ಕೋಟ್ಯಂತರ ಮಂದಿ ಈ ದಾರಿಯಲ್ಲಿ ನಡೆದಿದ್ದಾರೆ.

ಆ ವಿದ್ಯಾರ್ಥಿಯ ತಾಯ್ನುಡಿಯಲ್ಲಿ ಕೆಟ್ಟ ವಾಸನೆಗೆ ಎಲ್ಲ ಕಡೆಯೂ ಸಲ್ಲುವ ಒಂದು ಮಾತಿದೆ: ‘ಛೋವ್’. ಇಂಗ್ಲಿಷಿಗೆ ಬಂದೊಡನೆ ‘ಸ್ಟಿಂಕ್’, ‘ಸ್ಟೆಂಚ್’, ‘ರೀಕ್’, ‘ಫೌಲ್’, ‘ಫೆಟಿಡ್’, ‘ಪ್ಯೂಟ್ರಿಡ್’, ‘ರ‍್ಯಾನ್ಸಿಡ್’, ‘ರ‍್ಯಾಂಕ್’, ‘ಮಸ್ಟಿ’, ‘ನಾಯ್ಸಮ್’ ಎಂದು ಒಂದು ದಂಡೇ ಎದುರಾಗುತ್ತದೆ. ಕೋಶದಲ್ಲಿ ಎಲ್ಲಕ್ಕೂ ಹೆಚ್ಚುಕಡಮೆ ಅದೇ ಅರ್ಥ ಬರೆದಿರುತ್ತದೆ. ಯಾವುದನ್ನು ಎಲ್ಲಿ ಬಳಸಬೇಕು? ತುಪ್ಪಕ್ಕೆ ಸಲ್ಲುವುದು ಹೆಣಕ್ಕೆ ಸಲ್ಲದು. ಹೆಣಕ್ಕೆ ಸಲ್ಲುವುದು ಹಳೆಯ ಪುಸ್ತಕದ ಕಪಾಟಿಗೆ ಸಲ್ಲದು. ಕೋಶ ಇಷ್ಟನ್ನು ಹೇಳುವುದಿಲ್ಲ, ಚರಿತ್ರೆ ಹೇಳುತ್ತದೆ.

ಮೊದಲಿಗೆ ‘ಸ್ಟಿಂಕ್’ ಎಂಬುದನ್ನೇ ನೋಡೋಣ. ಇಂದು ಸಭ್ಯರ ನಡುವೆ ಆಡಲು ಅಳುಕಬೇಕಾದ ಈ ಮಾತು ಸಾವಿರ ವರ್ಷಗಳ ಹಿಂದೆ ಮಾನವಂತ ಮಾತಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ ‘ಸ್ಟಿಂಕನ್’ ಎಂದರೆ ವಾಸನೆ ಬೀರುವುದು, ಅಷ್ಟೆ. ಅದು ಒಳ್ಳೆಯದೂ ಆಗಬಹುದಿತ್ತು, ಕೆಟ್ಟದ್ದೂ ಆಗಬಹುದಿತ್ತು. ‘ಸ್ಟೆಂಚ್’ ಎಂಬುದರ ಪೂರ್ವರೂಪ ಹೂವಿಗೂ ಧೂಪಕ್ಕೂ ಸಲೀಸಾಗಿ ಅಂಟುತ್ತಿತ್ತು. ಕಾಲಕ್ರಮದಲ್ಲಿ ಕೆಟ್ಟ ಅರ್ಥ ಮೇಲುಗೈಯಾಗಿ ಒಳ್ಳೆಯ ಅರ್ಥ ಕಳಚಿಬಿತ್ತು. ತೆರವಾದ ಜಾಗಕ್ಕೆ ‘ಸ್ಮೆಲ್’ ಬಂದಿತು. ಈ ಮಾತು ಹಳೆಯ ಇಂಗ್ಲಿಷಿನ ಬರಹಗಳಲ್ಲಿ ಕಾಣಸಿಗದು. ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಎಲ್ಲಿಂದಲೋ ಬಂದು ಕುಳಿತಿದೆ. ೧೦೬೬ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನರ ಫ್ರೆಂಚಿನ ಮೂಲಕ ‘ಓಡರ್’, ‘ಸೆಂಟ್’ ಮುಂತಾದವು ಬಂದವು. ‘ಪರ್ಫ್ಯೂಮ್’ ಬಂದದ್ದು ಇನ್ನೂ ಈಚೆಗೆ, ಹದಿನಾರನೆಯ ಶತಮಾನದಲ್ಲಿ. ಅದರ ಹೊಟ್ಟೆಯಲ್ಲಿರುವುದು ಹೊಗೆ ಎಂಬ ಅರ್ಥದ ಲ್ಯಾಟಿನ್ ಮಾತು. ಗೆದ್ದವರ ಭಾಷೆಗೆ ಪರಿಮಳ, ಸೋತವರ ಭಾಷೆಗೆ ನಾತ: ಅರಮನೆಯಲ್ಲಿ ಆದ ಹಂಚಿಕೆ ನಿಘಂಟಿನಲ್ಲಿಯೂ ಆಯಿತು. ಆದರೆ ಬಡ ‘ಸ್ಮೆಲ್’ ಕೂಡ ಈಗ ಅದೇ ಇಳಿಜಾರಿನಲ್ಲಿದೆ. ವಿಶೇಷಣವಿಲ್ಲದೆ ಒಬ್ಬರನ್ನು ಕುರಿತು ಆ ಕ್ರಿಯಾಪದವನ್ನು ಬಳಸಿ ನೋಡಿ. ಸ್ನೇಹ ಉಳಿಯುವುದು ಕಷ್ಟ.

ಇದು ಇಂಗ್ಲಿಷರ ಮೂಗಿನ ದೋಷವೆಂದುಕೊಂಡರೆ ತಪ್ಪಾದೀತು. ಚೀನೀ ವಿದ್ಯಾರ್ಥಿಯ ‘ಛೋವ್’ ಕೂಡ ಇದೇ ದಾರಿಯಲ್ಲಿ ಇಳಿದು ಬಂದದ್ದು. ಆ ಮಾತಿನ ಲಿಪಿಚಿಹ್ನೆಯಲ್ಲಿ ಮೇಲೆ ಮೂಗು, ಕೆಳಗೆ ನಾಯಿ. ಮೂಸುವ ವಿದ್ಯೆಯಲ್ಲಿ ನಾಯಿಗಿಂತ ದೊಡ್ಡ ಪಂಡಿತರು ಯಾರು? ಕ್ರಿ. ಶ. ೧೦೦ರಲ್ಲಿ ಚೀನದ ಮೊದಲ ಮಹಾಕೋಶವನ್ನು ಮುಗಿಸಿದ ಶೂ ಶೆನ್, ಓಡಿಹೋದ ಮೃಗದ ಜಾಡನ್ನು ವಾಸನೆಯಿಂದ ಹಿಡಿಯುವುದು ನಾಯಿಯೆಂದು ಈ ಚಿಹ್ನೆಯನ್ನು ವಿವರಿಸಿದ. ಅಂದರೆ ಮೂಲದಲ್ಲಿ ಇದು ಬರಿಯ ವಾಸನೆ. ಆ ಅರ್ಥದಲ್ಲಿ ಅದರ ಉಚ್ಚಾರ ‘ಶಿಯೂ’. ‘ಯೀ ಜಿಂಗ್’ ಎಂಬ ಪುರಾತನ ಶಕುನಗ್ರಂಥದ ಅನುಬಂಧದಲ್ಲಿ ಒಂದೇ ಮನಸ್ಸಿನ ಗೆಳೆಯರ ಮಾತನ್ನು ಆರ್ಕಿಡ್ ಹೂವಿನ ಕಂಪಿಗೆ ಹೋಲಿಸಿದೆ. ಕಂಪಿಗೆ ಅಲ್ಲಿ ಬಳಸಿರುವುದು ಇದೇ ಅಕ್ಷರ. ಎಂಟನೆಯ ಶತಮಾನದ ಮಹಾಕವಿ ಡು ಫು ಶ್ರೀಮಂತರ ಮನೆಯ ಮದ್ಯಮಾಂಸಗಳನ್ನು ಕುರಿತು ಬರೆದ ಪ್ರಸಿದ್ಧ ಸಾಲಿನಲ್ಲಿಯೂ ಈ ಅಕ್ಷರ ಬರುತ್ತದೆ. ಆ ಮಾಂಸ ಕೊಳೆತು ನಾರುತ್ತಿತ್ತೇ, ಅಥವಾ ಘಮಘಮಿಸುತ್ತಿತ್ತೇ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಹಸಿದವನು ಹೊರಗೆ ನಿಂತಿರುವಾಗ ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ಅದೂ ಒಂದು ವ್ಯಾಖ್ಯಾನವೇ.

ಕನ್ನಡಿಗರಾದ ನಾವು ನಗುವ ಮೊದಲು ನಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಬೇಕು. ‘ನಾತ’, ‘ನಾರು’ ಎಂಬ ಮಾತುಗಳ ಸೋದರಿ ತಮಿಳಿನ ‘ನಾಱ್ಱಂ’. ಹಳೆಯ ತಮಿಳಿನಲ್ಲಿ ಅದು ಪರಿಮಳ. ಪಾಂಚಜನ್ಯದ ಭಾಗ್ಯವನ್ನು ಕಂಡು ಕರುಬುವ ಆಂಡಾಳ್ ಶ್ರೀಕೃಷ್ಣನ ತುಟಿಯ ಕಂಪನ್ನು ಆ ಶಂಖದ ಬಳಿ ವಿಚಾರಿಸುವಾಗ ಬಳಸುವ ಕ್ರಿಯಾಪದ ಇದೇ ಮೂಲದ್ದು. ಇಂದು ಮದರಾಸಿನ ಬೀದಿಯಲ್ಲಿ ಅದರ ಅರ್ಥ ದುರ್ನಾತ. ಇನ್ನು ಸಂಸ್ಕೃತದಿಂದ ಬಂದ ನಮ್ಮ ‘ವಾಸನೆ’? ಪುಸ್ತಕದಲ್ಲಿ ಅದು ಇನ್ನೂ ತಟಸ್ಥ. ಆದರೆ ಅತಿಥಿಗಳ ಎದುರಿಗೆ ‘ಏನೋ ವಾಸನೆ ಬರುತ್ತಿದೆಯಲ್ಲ’ ಎಂದರೆ ಮನೆಯಾಕೆ ಗಾಬರಿಗೊಂಡು ಅಡಿಗೆಮನೆಗೆ ಓಡುತ್ತಾಳೆ. ಒಳ್ಳೆಯದಾದರೆ ‘ಸು’ ಸೇರಿಸಿಯೇ ಹೇಳಬೇಕು, ಇಲ್ಲವೇ ‘ಘಮ’ ಎನ್ನಬೇಕು.

ಇಷ್ಟು ದೂರದೂರದ ಭಾಷೆಗಳಲ್ಲಿ ಒಂದೇ ಬಗೆಯ ಪತನವಾದರೆ ಕಾರಣವೂ ಒಂದೇ ಇರಬೇಕು. ಮೂಗು ಕಾವಲುಗಾರ. ಎಲ್ಲ ನೆಟ್ಟಗಿರುವಾಗ ಅದು ಸುಮ್ಮನಿರುತ್ತದೆ. ಕೂಗುವುದು ಅಪಾಯ ಕಂಡಾಗ. ಆದ್ದರಿಂದ ಬರಿಯ ‘ವಾಸನೆ’ಯ ಪ್ರಸ್ತಾಪ ಬಂದರೆ ಅದು ಕೆಟ್ಟದ್ದೇ ಎಂದು ಕೇಳಿದವರು ಊಹಿಸುತ್ತಾರೆ. ಇನ್ನೊಂದು ಕಾರಣ ನಮ್ಮ ದಾಕ್ಷಿಣ್ಯ. ಕೊಳೆತಿದೆ ಎಂದು ಬಾಯಿಬಿಟ್ಟು ಹೇಳಲು ಸಂಕೋಚಪಟ್ಟು ಮೆತ್ತಗಿನ ಮಾತನ್ನು ಹುಡುಕುತ್ತೇವೆ. ಹತ್ತು ತಲೆಮಾರು ಕೊಳಕನ್ನು ಹೊತ್ತ ಮೇಲೆ ಆ ಮೆತ್ತಗಿನ ಮಾತೂ ಕೊಳಕಾಗುತ್ತದೆ. ಆಗ ಹೊಸದೊಂದನ್ನು ತರಬೇಕು.

ಈಗ ಆ ಇಂಗ್ಲಿಷ್ ದಂಡಿನಲ್ಲಿ ಒಬ್ಬೊಬ್ಬರನ್ನಾಗಿ ಪರಿಚಯ ಮಾಡಿಕೊಳ್ಳಬಹುದು. ‘ರೀಕ್’ ಮೊದಲು ಹೊಗೆ. ಒಲೆಹೊಗೆಯಿಂದ ಕವಿದಿದ್ದ ಎಡಿನ್‌ಬರೋ ನಗರಕ್ಕೆ ‘ಆಲ್ಡ್ ರೀಕಿ’ ಎಂಬ ಅಡ್ಡಹೆಸರಿದೆ. ಹೊಗೆಮುದುಕಿ ಎಂದು ಅದನ್ನು ಕನ್ನಡಿಸಬಹುದು. ಆದ್ದರಿಂದ ಇಂದಿಗೂ ಹೊಗೆಯಂತೆ ಮೇಲೆದ್ದು ಹರಡುವ, ಬಟ್ಟೆಗೆ ಹತ್ತಿ ಬಿಡದ ವಾಸನೆಗೇ ಅದು ಒಪ್ಪುವುದು. ‘ಫೌಲ್’ ಮತ್ತು ‘ಪ್ಯೂಟ್ರಿಡ್’ ಒಂದೇ ಬೇರಿನವು: ಮೊದಲನೆಯದು ಇಂಗ್ಲಿಷಿನ ಸ್ವಂತದ್ದು, ಎರಡನೆಯದು ಲ್ಯಾಟಿನ್ನಿನಿಂದ ಬಂದದ್ದು. ಸಂಸ್ಕೃತದ ‘ಪೂತಿ’, ‘ಪೂಯ’ಗಳೂ ಅದೇ ಬೇರಿನ ಕೊಂಬೆಗಳು. ಕೀವು, ಕೊಳೆತ ಮಾಂಸ ಇವೇ ಅದರ ಕ್ಷೇತ್ರ. ‘ರ‍್ಯಾನ್ಸಿಡ್’ ಜಿಡ್ಡಿನ ಪದಾರ್ಥಕ್ಕೆ ಮೀಸಲು; ನಾವು ಕಮಟು ಎನ್ನುವುದು. ಬಹುಕಾಲ ಒಳಗೇ ಕೊಳೆಯುವ ದ್ವೇಷವನ್ನು ಸೂಚಿಸುವ ‘ರ‍್ಯಾಂಕರ್’ ಅದರ ಒಡಹುಟ್ಟು. ತುಪ್ಪವೂ ಹಗೆಯೂ ಕೆಡುವ ಬಗೆ ಒಂದೇ ಎಂದು ರೋಮನರು ಕಂಡುಕೊಂಡಿದ್ದರು. ‘ಮಸ್ಟಿ’ ಎಂದರೆ ಮುಗ್ಗಲು. ‘ರ‍್ಯಾಂಕ್’ ಹಿಂದೆ ಗರ್ವ, ಬಲ, ತುಂಬು ಬೆಳವಣಿಗೆ ಎಂಬ ಅರ್ಥವಿದ್ದ ಮಾತು; ಸೊಕ್ಕಿ ಬೆಳೆದದ್ದು ಕೊನೆಗೆ ನಾರಿತು. ‘ನಾಯ್ಸಮ್’ ಮಾತ್ರ ಕಲಿಯುವವನಿಗಾಗಿ ತೋಡಿಟ್ಟ ಖೆಡ್ಡಾ. ಅದಕ್ಕೂ ಸದ್ದುಗದ್ದಲದ ‘ನಾಯ್ಸ್’ಗೂ ಸಂಬಂಧವಿಲ್ಲ. ಪೀಡಿಸು ಎಂಬ ಅರ್ಥದ ‘ಅನಾಯ್’ ಎಂಬುದರ ಬಾಲ ಅದು.

ಹಾಗೆಂದು ಚೀನೀ ಭಾಷೆ ಈ ವಿಷಯದಲ್ಲಿ ಬಡವೆಂದು ತಿಳಿಯಬಾರದು. ಅದರ ಸಂಪತ್ತು ಬೇರೆ ಕೋಣೆಯಲ್ಲಿದೆ. ಹಸಿ ಮೀನಿನ, ರಕ್ತದ ವಾಸನೆ ‘ಶಿಂಗ್’. ಕುರಿಮಾಂಸದ ಕಟು ವಾಸನೆ ‘ಶಾನ್’. ಮೂತ್ರದ, ನರಿಯ ಮೈಯ ಘಾಟು ‘ಸಾವೋ’. ಹಳಸಿದ ಅನ್ನದ ಹುಳಿವಾಸನೆ ‘ಸೋವ್’. ಕ್ರಿ. ಪೂ. ಮೂರನೆಯ ಶತಮಾನದ ‘ಲ್ಯೂಷಿ ಛುನ್‌ಛಿಯೂ’ ಎಂಬ ಗ್ರಂಥದಲ್ಲಿ, ಅಡಿಗೆಯವನಾಗಿದ್ದು ಮಂತ್ರಿಪದವಿಗೆ ಏರಿದನೆನ್ನುವ ಯೀ ಯಿನ್ ತನ್ನ ರಾಜನಿಗೆ ಪಾಕಶಾಸ್ತ್ರದ ನೆಪದಲ್ಲಿ ರಾಜನೀತಿಯನ್ನು ಬೋಧಿಸುತ್ತಾನೆ. ನೀರಿನ ಪ್ರಾಣಿಗಳದು ಒಂದು ವಾಸನೆ, ಮಾಂಸಾಹಾರಿಗಳದು ಒಂದು, ಹುಲ್ಲು ಮೇಯುವವುಗಳದು ಮತ್ತೊಂದು. ಬೆಂಕಿ, ನೀರು, ಹದ ಬಲ್ಲವನು ಇವುಗಳಿಂದಲೇ ರುಚಿಯನ್ನು ತೆಗೆಯುತ್ತಾನೆ ಎಂಬುದು ಅವನ ಪಾಠ. ಈ ಮಾತುಗಳಿಗೆ ಇಂಗ್ಲಿಷಿನಲ್ಲಿ ಒಂಟಿಪದಗಳು ಸಿಗುವುದು ದುರ್ಲಭ. ಹಳಸಲು, ಮುಗ್ಗಲು, ಕಮಟು, ಸೀದದ್ದು ಎಂದು ವಿಂಗಡಿಸಿಕೊಂಡಿರುವ ಕನ್ನಡದ ಅಡಿಗೆಮನೆಗೆ ಮಾತ್ರ ಯೀ ಯಿನ್ ಪರಕೀಯನಾಗಿ ಕಾಣುವುದಿಲ್ಲ. ಚೀನದಲ್ಲಿ ‘ಛೋವ್ ದೋವ್‌ಫು’ ಎಂಬ ಹುದುಗು ಹಿಡಿಸಿದ ಸೋಯಾ ಗಿಣ್ಣನ್ನು ನಾರುವ ಗಿಣ್ಣೆಂದೇ ಕರೆದು ಆಸೆಪಟ್ಟು ತಿನ್ನುತ್ತಾರೆ. ಕೋಶ ನೋಡಿ ಅದನ್ನು ಇಂಗ್ಲಿಷಿಗೆ ತಂದರೆ ಹೆಸರೇ ಗಿರಾಕಿಯನ್ನು ಓಡಿಸೀತು.

ಇಲ್ಲಿಯವರೆಗೆ ವಿಷಯ ವಿನೋದದ್ದು. ಆದರೆ ದುರ್ವಾಸನೆಯೇ ರೋಗವೆಂದು ಜನ ನಂಬಿದಾಗ ಮಾತು ಪ್ರಾಣದ ಪ್ರಶ್ನೆಯಾಯಿತು. ‘ಮಲೇರಿಯ’ ಎಂಬ ಹೆಸರಿನ ಅರ್ಥ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ಚೀನದವರೂ ದಕ್ಷಿಣದ ಕಾಡುಕಣಿವೆಗಳಿಂದ ಏಳುವ ‘ಜಾಂಗ್‌ಛಿ’ ಎಂಬ ವಿಷಗಾಳಿಗೆ ಹೆದರುತ್ತಿದ್ದರು. ಕ್ರಿ. ಶ. ೮೧೯ರಲ್ಲಿ ದಕ್ಷಿಣಕ್ಕೆ ಗಡೀಪಾರಾದ ಹಾನ್ ಯು ಎಂಬ ದೊಡ್ಡ ಲೇಖಕ ತನ್ನ ಮೂಳೆ ಅಲ್ಲಿಯೇ ಬೀಳುವುದೆಂದು ಅಂಜಿ ಪದ್ಯ ಬರೆದ. ಲಂಡನ್ನಿನಲ್ಲಿ ನೈರ್ಮಲ್ಯ ಸುಧಾರಣೆಯ ಮುಂದಾಳಾಗಿದ್ದ ಎಡ್ವಿನ್ ಚಾಡ್ವಿಕ್ ತೀವ್ರವಾದ ನಾತವೆಲ್ಲ ರೋಗವೇ ಎಂದು ಸಾರಿದ. ೧೮೫೪ರಲ್ಲಿ ಡಾಕ್ಟರ್ ಜಾನ್ ಸ್ನೋ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಕಾಲರಾ ಸಾವುಗಳು ಗುಂಪುಗೂಡಿರುವುದನ್ನು ತೋರಿಸಿ, ರೋಗ ಹರಡುವುದು ನೀರಿನಿಂದ ಎಂದ. ಪಂಪಿನ ಹಿಡಿಯನ್ನೇನೋ ತೆಗೆದರು; ಆದರೆ ಬಲ್ಲವರು ಅವನ ವಾದವನ್ನು ಒಪ್ಪಲಿಲ್ಲ. ತಿಳಿಯಾಗಿ ಕಾಣುವ ನೀರು ಕೊಲ್ಲುತ್ತದೆಂಬುದನ್ನು ಮೂಗು ಒಪ್ಪುವುದಾದರೂ ಹೇಗೆ?

೧೮೫೮ರ ಕಡುಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿತು. ಇಡೀ ನಗರದ ಕೊಳಚೆ ಅದರೊಳಕ್ಕೇ ಬೀಳುತ್ತಿತ್ತು. ದಂಡೆಯ ಮೇಲಿದ್ದ ಪಾರ್ಲಿಮೆಂಟಿನ ಕಿಟಕಿಪರದೆಗಳನ್ನು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರು ಕುಳಿತುಕೊಳ್ಳಲಾಗಲಿಲ್ಲ. ಚರಿತ್ರೆಯಲ್ಲಿ ಅದಕ್ಕೆ ‘ಗ್ರೇಟ್ ಸ್ಟಿಂಕ್’ ಎಂದೇ ಹೆಸರು. ‘ಓಡರ್’ ಎಂಬ ಸಭ್ಯಪದ ಆ ನಾತದೆದುರು ನಿಲ್ಲಲಾರದೆ ಹೋಯಿತು. ಸಾವಿರ ವರ್ಷದ ಹಳೆಯ ಮಾತೇ ಬೇಕಾಯಿತು. ಬಡವರ ಕೇರಿಯಲ್ಲಿ ೧೮೫೩–೫೪ರ ಕಾಲರಾ ಹಾವಳಿಯೊಂದರಲ್ಲೇ ನಗರದ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಆಗದ ಕೆಲಸ, ಶಾಸನಕರ್ತರ ಮೂಗಿಗೇ ನಾತ ಬಡಿದಾಗ ಕೆಲವೇ ವಾರಗಳಲ್ಲಿ ಆಯಿತು. ಮಸೂದೆ ಅಂಗೀಕಾರವಾಗಿ ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಇಂಜಿನಿಯರು ನೆಲದಡಿಯಲ್ಲಿ ಮಹಾಕಾಲುವೆಗಳನ್ನು ಕಟ್ಟಿದ. ನಾತವನ್ನು ಹೊರಹಾಕಲು ತೋಡಿದ ಕಾಲುವೆ ಕೊಳಚೆಯನ್ನು ಕುಡಿಯುವ ನೀರಿನಿಂದ ದೂರ ಒಯ್ದು ಕಾಲರಾವನ್ನೂ ಹೊರಹಾಕಿತು. ೧೮೬೬ರಲ್ಲಿ ಲಂಡನ್ನಿಗೆ ಕಾಲರಾ ಕೊನೆಯ ಬಾರಿ ಬಂದಾಗ ಹೆಚ್ಚಾಗಿ ಹೊಡೆತ ತಿಂದದ್ದು ಕಾಲುವೆಯ ಕೆಲಸ ಮುಗಿಯದಿದ್ದ ಪೂರ್ವಭಾಗವೇ. ಕಾರಣ ತಪ್ಪು, ಕೆಲಸ ಸರಿ.

ಎಲ್ಲ ಕಡೆಯೂ ಹೀಗೆ ಅದೃಷ್ಟ ಕೈಹಿಡಿಯಲಿಲ್ಲ. ಪರಿಮಳದ ಬಂದರು ಎಂಬ ಹೆಸರಿನ ಹಾಂಗ್‌ಕಾಂಗಿನಲ್ಲಿ ೧೮೯೪ರಲ್ಲಿ ಪ್ಲೇಗು ಕಾಣಿಸಿಕೊಂಡಾಗ ಬ್ರಿಟಿಷ್ ಸಿಪಾಯಿಗಳು ಚೀನೀಯರ ಕೇರಿಯ ಮನೆಮನೆಗೆ ನುಗ್ಗಿ ಸಾಮಾನು ಹೊರಗೆಸೆದು ಸುಣ್ಣ ಬಳಿದರು. ರೋಗಾಣುವನ್ನು ಅದೇ ವರ್ಷ ಅಲ್ಲಿಯೇ ಯೆರ್ಸಿನ್ ಕಂಡುಹಿಡಿದ. ಇಲಿಯ ಮೈಮೇಲಿನ ಚಿಗಟದ ಪಾತ್ರ ತಿಳಿದು ಸ್ಥಿರಪಡಲು ಇನ್ನೂ ಕೆಲವು ವರ್ಷ ಬೇಕಾಯಿತು. ಆ ಪ್ಲೇಗು ೧೮೯೬ರಲ್ಲಿ ಬೊಂಬಾಯಿಗೂ, ೧೮೯೮ರಲ್ಲಿ ಬೆಂಗಳೂರಿಗೂ ಬಂದಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿಬೆಳಕಿನ ಜಾಗ ಹುಡುಕಿದ ಜನರಿಂದ ಮಲ್ಲೇಶ್ವರ, ಬಸವನಗುಡಿಗಳು ಬೇಗ ಬೆಳೆದವು. ಇನ್ನು ಕೆಟ್ಟ ಗಾಳಿಯ ಜ್ವರದ ಮಾತು. ೧೮೮೩ರಲ್ಲಿ ಬೆಂಗಳೂರಿನಲ್ಲಿದ್ದ ಸೇನಾವೈದ್ಯ ರೊನಾಲ್ಡ್ ರಾಸ್ ತನ್ನ ಬಂಗಲೆಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಗಳು ಹುಟ್ಟುವುದನ್ನು ಗಮನಿಸಿದ್ದ. ಹದಿನಾಲ್ಕು ವರ್ಷದ ಮೇಲೆ, ೧೮೯೭ರ ಆಗಸ್ಟಿನಲ್ಲಿ, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಜೀವಾಣುವನ್ನು ಕಂಡ. ಗಾಳಿ ನಿರಪರಾಧಿಯೆಂದು ಸಾಬೀತಾಯಿತು; ಹೆಸರು ಮಾತ್ರ ಹಾಗೆಯೇ ಉಳಿಯಿತು.

ಗಾಳಿಗೆ ಹಚ್ಚಿದ ಅಪವಾದ ಹೋಗಲಿ. ಮನುಷ್ಯರಿಗೆ ಹಚ್ಚಿದ್ದು ಅಷ್ಟು ಸುಲಭವಾಗಿ ಬಿಡಲಿಲ್ಲ. ಇಲ್ಲಿ ಎರಡು ಹಳೆಯ ಕಥೆಗಳನ್ನು ಜೊತೆಗಿಟ್ಟು ನೋಡಬಹುದು. ಕ್ರಿ. ಶ. ೬೯ರಿಂದ ೭೯ರವರೆಗೆ ರೋಮಿನಲ್ಲಿ ಆಳಿದ ವೆಸ್ಪೇಸಿಯನ್ ಮೂತ್ರದ ಮೇಲೆ ತೆರಿಗೆ ಹಾಕಿದ. ಮಗ ಟೈಟಸ್ ಅಸಹ್ಯಪಟ್ಟಾಗ ತಂದೆ ತೆರಿಗೆಯ ನಾಣ್ಯವೊಂದನ್ನು ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತಿದೆಯೇ ಎಂದು ಕೇಳಿದನಂತೆ. ಸುಮಾರು ನೂರು ವರ್ಷದ ಮೇಲೆ ಚೀನದಲ್ಲಿ ಛ್ವೇ ಲಿಯೆ ಎಂಬ ಗಣ್ಯ ಐವತ್ತು ಲಕ್ಷ ನಾಣ್ಯ ತೆತ್ತು ಮಂತ್ರಿಪದವಿಯನ್ನು ಕೊಂಡ. ಇನ್ನೂ ಸ್ವಲ್ಪ ಬಿಗಿಹಿಡಿದಿದ್ದರೆ ಕೋಟಿ ಸಿಗುತ್ತಿತ್ತಲ್ಲಾ ಎಂದು ಚಕ್ರವರ್ತಿ ಪೇಚಾಡಿದನೆಂದು ಇತಿಹಾಸ ಹೇಳುತ್ತದೆ. ಜನ ನನ್ನ ವಿಷಯವಾಗಿ ಏನನ್ನುತ್ತಾರೆ ಎಂದು ಛ್ವೇ ಲಿಯೆ ಮಗನನ್ನು ಕೇಳಿದ. ತಾಮ್ರದ ವಾಸನೆ ಬರುತ್ತದೆನ್ನುತ್ತಾರೆ ಎಂದು ಮಗ ಉತ್ತರ ಕೊಟ್ಟು ಪೆಟ್ಟು ತಿಂದ. ದುಡ್ಡಿನ ಸೊಕ್ಕಿಗೆ ಚೀನೀ ಭಾಷೆಯಲ್ಲಿ ಇಂದಿಗೂ ‘ತಾಮ್ರದ ವಾಸನೆ’ ಎಂಬ ಮಾತು ನಿಂತಿದೆ.

ಅಧಿಕಾರ ಕೊಂಡವನನ್ನು ನಾರುತ್ತಾನೆಂದದ್ದು ನ್ಯಾಯ. ಆದರೆ ಈ ಮಾತು ಹೆಚ್ಚಾಗಿ ಹರಿದದ್ದು ಕೆಳಮುಖವಾಗಿ. ಕೆಳವರ್ಗದವರು ನಾರುತ್ತಾರೆಂದು ತನ್ನ ವರ್ಗದ ಮಕ್ಕಳಿಗೆ ಹೇಳಿಕೊಡುತ್ತಿದ್ದರೆಂದೂ, ಪಶ್ಚಿಮದಲ್ಲಿ ವರ್ಗಭೇದದ ನಿಜವಾದ ಗುಟ್ಟು ಅದರಲ್ಲಿಯೇ ಇದೆಯೆಂದೂ ಜಾರ್ಜ್ ಆರ್ವೆಲ್ ೧೯೩೭ರಲ್ಲಿ ಬರೆದ. ಅಭಿಪ್ರಾಯಭೇದವನ್ನು ದಾಟಬಹುದು, ಮೈಯ ಅಸಹ್ಯವನ್ನು ದಾಟುವುದು ಕಷ್ಟ ಎಂಬುದು ಅವನು ಕಂಡ ಕಹಿಸತ್ಯ. ಚೀನದಲ್ಲಿ ೧೯೬೬ರಿಂದ ೧೯೭೬ರವರೆಗೆ ನಡೆದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ವಿದ್ಯಾವಂತರನ್ನು ವರ್ಗಶತ್ರುಗಳ ಸಾಲಿನ ‘ನಾರುವ ಒಂಬತ್ತನೆಯವರು’ ಎಂದು ಹೀಯಾಳಿಸಿದರು. ಬಳಸಿದ್ದು ಅದೇ ‘ಛೋವ್’.

ಅದೇ ಕ್ರಾಂತಿ ನಿಜವಾಗಿಯೂ ನಾತದ ನಡುವೆ ಬದುಕಿದವನನ್ನೂ ಬಿಡಲಿಲ್ಲ. ಪೀಕಿಂಗಿನಲ್ಲಿ ಶಿ ಛ್ವಾನ್‌ಶಿಯಾಂಗ್ ಎಂಬ ಮಲ ಹೊರುವ ಕೆಲಸಗಾರನಿದ್ದ. ೧೯೫೯ರಲ್ಲಿ ರಾಷ್ಟ್ರಾಧ್ಯಕ್ಷ ಲಿಯೂ ಶಾವೋಛಿ ಅವನ ಕೈಕುಲುಕಿ ಗೌರವಿಸಿದಾಗ ಅವನ ಹೆಸರು ದೇಶಕ್ಕೆಲ್ಲ ತಿಳಿಯಿತು. ಲಿಯೂ ಪದಚ್ಯುತನಾದ ಮೇಲೆ ಆ ಕೈಕುಲುಕಿದ್ದೇ ಅಪರಾಧವಾಯಿತು. ಅವಮಾನ, ಹಿಂಸೆಗಳನ್ನು ಅನುಭವಿಸಿ ಶಿ ೧೯೭೫ರಲ್ಲಿ ತೀರಿಕೊಂಡ. ಅವನು ಹೊತ್ತ ಪದಾರ್ಥಕ್ಕೆ ಇಂಗ್ಲಿಷರು ‘ರಾತ್ರಿಯ ಮಣ್ಣು’ ಎಂದು ಹೆಸರಿಟ್ಟಿದ್ದರು; ಹಾಂಗ್‌ಕಾಂಗಿನ ಜನ ಇನ್ನೂ ನಾಜೂಕಾಗಿ ‘ರಾತ್ರಿಯ ಪರಿಮಳ’ ಎಂದರು. ಹೆಸರನ್ನು ತೊಳೆಯಲು ಎಲ್ಲರಿಗೂ ತೋಚಿತು. ಹೊತ್ತವನ ತಲೆಯಿಂದ ಬುಟ್ಟಿಯನ್ನು ಇಳಿಸಲು ತೋಚಲಿಲ್ಲ. ನಮ್ಮ ನಾಡಿನಲ್ಲಿ ಆ ಬುಟ್ಟಿ ಹುಟ್ಟಿನಿಂದಲೇ ಜಾತಿಯ ಹೆಸರಿನಲ್ಲಿ ಕೆಲವರ ತಲೆಗೆ ಬರುತ್ತಿತ್ತು. ೧೯೭೦ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶಕ್ಕೆ ಅನ್ವಯಿಸುವ ಶಾಸನಗಳು ೧೯೯೩ರಲ್ಲಿ ಮತ್ತು ೨೦೧೩ರಲ್ಲಿ ಬಂದವು. ಅಷ್ಟಾದ ಮೇಲೂ ಮ್ಯಾನ್‌ಹೋಲಿಗೆ ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ.

ಆದ್ದರಿಂದ ಚೀನೀ ವಿದ್ಯಾರ್ಥಿ ಆ ಹತ್ತು ಇಂಗ್ಲಿಷ್ ಮಾತುಗಳನ್ನು ಬಾಯಿಪಾಠ ಮಾಡುವಾಗ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ನಮಗೂ ಅದು ಸಲ್ಲುತ್ತದೆ. ತುಪ್ಪ ಕಮಟಾಗಿದೆ, ಅನ್ನ ಹಳಸಿದೆ, ಧಾನ್ಯ ಮುಗ್ಗಲು ಹಿಡಿದಿದೆ ಎಂದು ಬಿಡಿಸಿ ಹೇಳುವ ಮಾತು ಮನೆಯನ್ನು ಕಾಯುತ್ತದೆ. ಇಂಥವರು ನಾರುತ್ತಾರೆ ಎಂದು ಒಟ್ಟಾಗಿ ಹೇಳುವ ಮಾತು ಕಾಯುವುದು ಆಡುವವನ ಅಹಂಕಾರವನ್ನು ಮಾತ್ರ. ಮೊದಲನೆಯದನ್ನು ಅಡಿಗೆಮನೆಯಿಂದ ಕಲಿಯೋಣ. ಎರಡನೆಯದು ಕಿವಿಗೆ ಬಿದ್ದಾಗ, ಅಲ್ಲಿ ಚರಂಡಿ ಕಟ್ಟಿಸಬೇಕಾದವರು ಯಾರು, ಏಕೆ ಕಟ್ಟಿಸಲಿಲ್ಲ ಎಂದು ಕೇಳೋಣ.